ಪೈಪ್ ಸುಲಭವಾಗಿ ಕೂತಿತು, ಮುಳ್ಳು ಯಾಕೆ ಏರಿತು?

ಹಳೇ ಅಂಬಾಸಿಡರ್‌ನ ಬಾನೆಟ್ ಎತ್ತಿದರೆ ಒಳಗೆ ಬೇಕಾದಷ್ಟು ಜಾಗ ಕಾಣುತ್ತದೆ. ಆದರೆ ರೇಡಿಯೇಟರ್‌ನ ಕೆಳಗಿನ ಹೋಸ್ ಬದಲಿಸೋಕೆ ಕೈ ಹಾಕಿ ನೋಡಿ, ಆಗ ಗೊತ್ತಾಗುತ್ತೆ. ಒಂದು ಕಡೆ ರೇಡಿಯೇಟರ್, ಇನ್ನೊಂದು ಕಡೆ ಫ್ಯಾನ್ ಮತ್ತು ಬೆಲ್ಟ್. ಸ್ಕ್ರೂಡ್ರೈವರ್ ತಿರುಗಿಸೋಕೆ ಜಾಗವೇ ಇರಲ್ಲ.

ರಜೆಯಲ್ಲಿ ಕಾಳಗಿಯ ಗೆಳೆಯನ ಮನೆಯ ಕಾರಿನಲ್ಲಿ ನಮಗೂ ಇದೇ ಆಯಿತು. ಸಿಕ್ಕ ಹೋಸ್‌ನ ಬಾಗು ಸ್ವಲ್ಪ ಬೇರೆ ಇತ್ತು; ಒತ್ತಿ ಕೂಡಿಸಿದರೆ ನಡುವೆ ಮಡಚಿಕೊಳ್ಳುತ್ತಿತ್ತು. ಎರಡು ಮೆತ್ತನೆಯ ಹೋಸ್ ತುಂಡು, ನಡುವೆ ಒಂದು ಸ್ಟೀಲ್ ಕೊಳವೆ ಹಾಕಿದೆವು. ಹತ್ತೇ ನಿಮಿಷದಲ್ಲಿ ಕೂತಿತು. ನಿಂತಲ್ಲೇ ಇಂಜಿನ್ ಓಡಿಸಿದಾಗ ಎಲ್ಲ ಸರಿ. ರಸ್ತೆಗಿಳಿದು ವೇಗ ಹಿಡಿದ ಕೂಡಲೇ ಟೆಂಪರೇಚರ್ ಮುಳ್ಳು ಏರತೊಡಗಿತು.

ಕಾರಣ ತಿಳಿಯಬೇಕಾದರೆ ನೀರಿನ ದಾರಿ ನೋಡಬೇಕು. ಪೆಟ್ರೋಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿಯಾಗಿ ಕೂಲಿಂಗ್ ನೀರಿಗೆ ಸೇರುತ್ತದೆ. ಬಿಸಿ ನೀರು ಥರ್ಮೋಸ್ಟಾಟ್ ದಾಟಿ ಮೇಲಿನ ಹೋಸ್‌ನಿಂದ ರೇಡಿಯೇಟರ್‌ಗೆ ಹೋಗುತ್ತದೆ. ತಣ್ಣಗಾದ ನೀರನ್ನು ಪಂಪ್ ಕೆಳಗಿನ ಹೋಸ್‌ನಿಂದ ಎಳೆದುಕೊಳ್ಳುತ್ತದೆ. ಅಂದರೆ ಕೆಳಗಿನದು ಸಕ್ಷನ್ ಪೈಪ್. ಇಂಜಿನ್ ಜೋರಾದಷ್ಟೂ ಎಳೆತ ಹೆಚ್ಚು. ಬಿಸಿಗೆ ಮೆತ್ತಗಾದ ರಬ್ಬರ್ ಆಗ ಒಳಕ್ಕೆ ಕುಸಿಯುತ್ತದೆ. ಬಾನೆಟ್ ಎತ್ತಿ ಆಕ್ಸಿಲರೇಟರ್ ಒತ್ತಿಸಿ ನೋಡಿದೆವು: ಹೋಸ್ ಚಪ್ಪಟೆ!

ಹಾಗಾದರೆ ಒಳಗೊಂದು ಸ್ಪ್ರಿಂಗ್ ಹಾಕಿದರಾಯಿತು ಅಂದ್ವಿ. ಅನೇಕ ಕಾರುಗಳ ಕೆಳಗಿನ ಹೋಸ್‌ನಲ್ಲಿ ಅದಕ್ಕೇ ಸ್ಪ್ರಿಂಗ್ ಇರುತ್ತದೆ. ಆದರೆ ಮೆಕ್ಯಾನಿಕ್ ಕಾಕಾ ನಕ್ಕರು. "ಪೈಪಿಂದಷ್ಟೇ ತಪ್ಪಲ್ಲ ತಮ್ಮಾ, ರೇಡಿಯೇಟರ್ ಕಟ್ಕೊಂಡದ. ನೀರು ಬರದಿದ್ರ ಪಂಪ್ ಪೈಪನ್ನೇ ಎಳೀತದ." ಎಳನೀರಿನ ಸ್ಟ್ರಾ ತುದಿಗೆ ಗಂಜಿ ಸಿಕ್ಕಿಕೊಂಡಾಗ ಸ್ಟ್ರಾ ಚಪ್ಪಟೆಯಾಗುವುದಿಲ್ಲವೇ, ಹಾಗೆ. ರೇಡಿಯೇಟರ್ ಇಳಿಸಿ ತೊಳೆದಾಗ ಬಿಳಿ ಸುಣ್ಣದ ಚೂರುಗಳು ಉದುರಿದವು.

ಇದು ನಮ್ಮ ನೆಲದ ಗುಣ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೂ ಶಹಾಬಾದ್‌ನ ಪರ್ಸಿಗೂ ಮೂಲವಾದ ಸುಣ್ಣದ ಕಲ್ಲೇ ನಮ್ಮ ಬೋರ್‌ವೆಲ್ ನೀರಲ್ಲೂ ಕರಗಿರುತ್ತದೆ. ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಪದರವಾಗಿ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ದಿನಾ ಕಾಣೋದು ಇದೇ. ಎರಕದ ಕಬ್ಬಿಣದ ಉಷ್ಣವಾಹಕತೆ ಸುಮಾರು 50 ಇದ್ದರೆ ಈ ಪದರದ್ದು ಸುಮಾರು 2. ಒಂದು ಮಿಲಿಮೀಟರ್ ಸುಣ್ಣ ಅಂದರೆ 25 ಮಿಲಿಮೀಟರ್ ಕಬ್ಬಿಣದಷ್ಟು ಅಡ್ಡಿ. ನಾವು ಬರೀ ಸ್ಪ್ರಿಂಗ್ ಹಾಕಿ ಸುಮ್ಮನಾಗಿದ್ದರೆ ಹೋಸ್ ಚಪ್ಪಟೆಯಾಗುತ್ತಿರಲಿಲ್ಲ, ರೋಗವೂ ಕಾಣುತ್ತಿರಲಿಲ್ಲ. ಒಂದು ದಿನ ಹೆಡ್ ಗ್ಯಾಸ್ಕೆಟ್ ಸುಟ್ಟಾಗಲೇ ತಿಳಿಯುತ್ತಿತ್ತು.

ಪೈಪ್ ಬದಲಿಸುವುದೇ ತಪ್ಪು ಅಂತಲ್ಲ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನಲ್ಲಿ ಹೆಡ್‌ಗೂ ಪಂಪ್‌ಗೂ ನಡುವೆ ಒಂದು ಗಿಡ್ಡ ಬೈಪಾಸ್ ಹೋಸ್ ಇದೆ. ನೇರವಾದ ಹೋಸ್ ಆದರೆ ಅಲ್ಲಿ ಕೂಡಿಸುವುದೇ ಕಷ್ಟ. ಅದಕ್ಕೆ ಹಾರ್ಮೋನಿಯಂ ತಿದಿಯಂತೆ ಮಡಿಕೆಯುಳ್ಳ ಹೋಸ್ ಬಂತು: ಒತ್ತಿ ತೂರಿಸಿ ಬಿಟ್ಟರೆ ತಾನೇ ಹಿಗ್ಗಿ ಕೂರುತ್ತದೆ. ಕೆಲಸ ಸುಲಭವಾಯಿತು, ನೀರಿನ ದಾರಿ ಮೊದಲಿನಂತೆಯೇ ಉಳಿಯಿತು.

ನೀವೂ ಪೈಪ್ ಕೊಯ್ಯುವ ಮುಂಚೆ ಇಷ್ಟು ನೋಡಿಕೊಳ್ಳಿ.

ಒಳವ್ಯಾಸ ಕಡಿಮೆ ಮಾಡಬೇಡಿ. ಅಷ್ಟೇ ನೀರು, ಅಷ್ಟೇ ಉದ್ದ ಇದ್ದರೆ ಘರ್ಷಣೆಯ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮ. 38 ಮಿಲಿಮೀಟರ್ ಇದ್ದದ್ದು 32 ಆದರೆ ನಷ್ಟ ಸುಮಾರು 2.4 ಪಟ್ಟು.

ಇಡೀ ಪೈಪನ್ನು ಲೋಹದ್ದು ಮಾಡಬೇಡಿ. ಇಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗುತ್ತದೆ, ರೇಡಿಯೇಟರ್ ಬಾಡಿಗೆ ಬಿಗಿದಿರುತ್ತದೆ. ಎರಡೂ ತುದಿಗೆ ರಬ್ಬರ್ ಇರಲೇಬೇಕು. ಹೊಲದ ಪಿವಿಸಿ ಪೈಪಂತೂ ಬೇಡ, ಬಿಸಿಗೆ ಮೆತ್ತಗಾಗುತ್ತದೆ.

ಕೊಳವೆಯ ತುದಿಯಲ್ಲಿ ಉಬ್ಬಿದ ಅಂಚು ಇರಲಿ, ಕ್ಲಾಂಪ್ ಅದರ ಹಿಂದೆ ಕೂರಲಿ. ನುಣುಪು ಕೊಳವೆಯಿಂದ ಹೋಸ್ ಒತ್ತಡಕ್ಕೆ ಜಾರುತ್ತದೆ. ಕ್ಲಾಂಪ್‌ನ ಸ್ಕ್ರೂ ಕೈಗೆ ಸಿಗುವ ಕಡೆ, ಫ್ಯಾನ್‌ನಿಂದ ದೂರ ಇರಲಿ.

ಮೇಲಿನ ಪೈಪ್ ಬದಲಿಸಿದರೆ ಅದು ರೇಡಿಯೇಟರ್ ಮುಚ್ಚಳಕ್ಕಿಂತ ಎತ್ತರಕ್ಕೆ ಹೋಗದಿರಲಿ. ಅಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ಸರಿಯಾಗಿ ತಿರುಗದು.

ಬಿಸಿ ಇಂಜಿನ್‌ನ ಮುಚ್ಚಳ ಮಾತ್ರ ತೆಗೆಯಬೇಡಿ. 7 ಪಿಎಸ್‌ಐ ಮುಚ್ಚಳದಡಿ ನೀರು ಕುದಿಯೋದು ಸುಮಾರು 111 ಡಿಗ್ರಿಯಲ್ಲಿ. 105ರಲ್ಲಿ ಶಾಂತವಾಗಿದ್ದ ನೀರು ಮುಚ್ಚಳ ತೆಗೆದ ಕ್ಷಣ ಕುದ್ದು ಮುಖಕ್ಕೆ ಚಿಮ್ಮುತ್ತದೆ.

ಗೆಳೆಯನ ಕಾರಿನಲ್ಲಿ ನಮ್ಮ ಎರಡು ತುಂಡಿನ ಪೈಪ್ ಈಗಲೂ ಇದೆ, ಒಳಗೆ ಸ್ಪ್ರಿಂಗ್ ಸಮೇತ. ನೀರು ಮಾತ್ರ ಬೋರ್‌ವೆಲ್‌ದಲ್ಲ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್. ಮುಳ್ಳು ನಡುವೆಯೇ ನಿಲ್ಲುತ್ತದೆ.