ಎಲ್ಲರಿಗೂ ಎಟಕುವ ಪಟ್ಟಿ

ಸುಗ್ಗಿ ಮುಗಿಯುತ್ತ ಬಂದ ಹೊತ್ತು. ವಿಜಯಪುರ ಜಿಲ್ಲೆಯ ಇಂಡಿಯಿಂದ ಭೀಮಾ ನದಿಯ ಕಡೆಗೆ ಹೋಗುವ ದಾರಿಯ ಎರಡೂ ಮಗ್ಗುಲಿಗೆ ಕಣಕಿ ಬಣವಿಗಳು ಇಳಿಬಿಸಿಲಿಗೆ ಹಳದಿ ತಿರುಗಿ ನಿಂತಿವೆ. ಕಬ್ಬು ಹೇರಿಕೊಂಡು ಹೋದ ಟ್ರ್ಯಾಕ್ಟರಿನ ಹಿಂದೆ ಎದ್ದ ಧೂಳು ಇನ್ನೂ ಕೂತಿಲ್ಲ; ಅದರ ನಡುವೆಯೇ ಯಾವುದೋ ಲಿಂಬಿ ತೋಟದಿಂದ ಹುಳಿಗಂಪು ತೇಲಿ ಬರುತ್ತದೆ. ಊರ ಕೊನೆಯ ಓಣಿಯಲ್ಲೊಂದು ಬೇವಿನ ಮರ, ಅದರ ನೆರಳಿನಲ್ಲಿ ಪತ್ರಾಸು ಹೊದಿಸಿದ ಪುಟ್ಟ ದೇವಾಲಯ, ಸುಣ್ಣ ಬಳಿದ ಗೋಡೆ, ನೆತ್ತಿಯ ಮೇಲೆ ಕಬ್ಬಿಣದ ಶಿಲುಬೆ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ನಾಳೆ ಸುಗ್ಗಿಯ ಆರಾಧನೆ. ಇವತ್ತು ಅದರ ತಯಾರಿ.

ಒಳಗೆ ಜಮಖಾನ ಝಾಡಿಸಿ ಹಾಸುತ್ತಿದ್ದಾರೆ. ಇಬ್ಬರು ಹುಡುಗಿಯರು ಜೋಳದ ತೆನೆಗಳನ್ನು ಗೊಂಚಲು ಕಟ್ಟಿ ಕಿಟಕಿಯ ಸರಳಿಗೆ ಬಿಗಿಯುತ್ತಿದ್ದಾರೆ. ಮೂಲೆಯಲ್ಲಿ ಪೇಟಿಯ ಮುಂದೆ ಕುಳಿತ ಹುಡುಗನಿಗೆ ಇನ್ನೂ ಮೀಸೆ ಬಲಿತಿಲ್ಲ. ತಿದಿ ಒತ್ತುತ್ತ ಕಪ್ಪು ಮೂರರಲ್ಲಿ ಶ್ರುತಿ ಹಿಡಿದ. ಸುತ್ತ ಕೂತವರು ಪಲ್ಲವಿಯನ್ನೇನೋ ಹಾಡಿದರು, ಚರಣದ ಏರು ಬಂದಾಗ ಹೆಂಗಸರ ದನಿ ಒಂದೊಂದಾಗಿ ಕಳಚಿ ಬಿದ್ದವು. ಉಳಿದದ್ದು ಹುಡುಗನ ದನಿ ಒಂದೇ.

“ಭಾಳ ಮ್ಯಾಲಾತು ತಮ್ಮಾ, ಇಳಸು” ಎಂದಳು ಗೋಡೆಗೆ ಒರಗಿ ಕೂತ ಆಯಿ. “ನೀ ಒಬ್ಬಾಂವ ಹಾಡಾಕ ನಾವ್ಯಾಕ ಬರಬೇಕು?”

ಹುಡುಗ ಕಪ್ಪು ಒಂದಕ್ಕೆ ಇಳಿದ. ಈಗ ಹಾಡಿನ ಮೆರುಗು ತುಸು ಕಡಿಮೆಯಾಯಿತು, ಅವನ ಮುಖದಲ್ಲೇ ಅದು ಕಾಣುತ್ತಿತ್ತು. ಆದರೆ ಏರಿನಲ್ಲಿ ಆಯಿಯ ದನಿಯೂ ಉಳಿಯಿತು, ಹಿಂದೆ ಕೂಸಿಗೆ ಹಾಲೂಡಿಸುತ್ತಿದ್ದ ಸೊಸೆಯ ದನಿಯೂ ಉಳಿಯಿತು. ಜನರನ್ನು ಬರಮಾಡಿಕೊಳ್ಳುವ ಕೆಲಸ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವಲ್ಲಿ ಶುರುವಾಗುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಯಾರ ದನಿ ಎಲ್ಲಿ ಮುರಿಯುತ್ತದೆ ಎಂದು ಹಿಂದಿನ ದಿನವೇ ತಿಳಿದು ಪಟ್ಟಿ ಇಳಿಸಿಕೊಳ್ಳುವಲ್ಲಿ ಅದು ಶುರುವಾಗುತ್ತದೆಂದು ನನ್ನ ನಂಬಿಕೆ.

ಹಾಡುಗಳನ್ನು ಆರಿಸುವ ಕೆಲಸ ಅದಕ್ಕಿಂತ ಕಷ್ಟದ್ದು. ಸಭೆಯ ಪಾದ್ರಿ ಅಯ್ಯನೋರ ಕೈಯಲ್ಲಿ ಬೆನ್ನು ಹರಿದ ಸಂಗೀತ ಪುಸ್ತಕವಿದೆ, ಪುಟಗಳ ಅಂಚು ಎಣ್ಣೆಗೈಗೆ ಕಂದಿವೆ. ಅದರೊಳಗಿನ ಹಲವು ಹಾಡುಗಳ ಮಾತು ಕನ್ನಡ, ರಾಗ ಜರ್ಮನಿಯದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ, 1885ರಲ್ಲಿ ವಿಜಯಪುರಕ್ಕೆ ಬಂದು ನೆಲೆನಿಂತಾಗ ತಮ್ಮೂರಿನ ರಾಗಗಳನ್ನೂ ತಂದರು. ಮೋಗ್ಲಿಂಗ್ ಮೊದಲಾದವರು ಅವಕ್ಕೆ ಕನ್ನಡದ ಸಾಲು ಕೂಡಿಸಿದರು. ನಾಲ್ಕು ದನಿಗಳಲ್ಲಿ ಹಾಡುವ ಆ ನಿಧಾನದ ಹಾಡುಗಳು ಈ ನೆಲದವಲ್ಲ ಎಂದು ತೆಗೆದುಹಾಕುವುದು ಸುಲಭ. ಆದರೆ ಇಲ್ಲಿಯೇ ಎರಡನೆಯ ಸಾಲಿನಲ್ಲಿ ಕೂತ ನಿವೃತ್ತ ಮಾಸ್ತರರು ಅಂಥದೊಂದು ಹಾಡಿನ ಕೆಳದನಿಯನ್ನು ಅಪ್ಪನಿಂದ ಕಲಿತವರು, ಕಣ್ಣು ಮುಚ್ಚಿಕೊಂಡೇ ಹಾಡುತ್ತಾರೆ. ಅದನ್ನು ಬಿಟ್ಟರೆ ಅವರನ್ನೂ ಬಿಟ್ಟಂತೆ. ಹೀಗಾಗಿ ಅದೊಂದು ಇರಲಿ ಎಂದಾಯಿತು. ಕೀಬೋರ್ಡಿನ ಮೇಲೆ ಹುಡುಗರು ಮೊಬೈಲಿನಿಂದ ಕಲಿತ ವೇಗದ ಹಾಡೊಂದು, ಅದೂ ಇರಲಿ.

ಅರ್ಧದಷ್ಟು ಜನಕ್ಕೆ ಓದು ಬರುವುದಿಲ್ಲ. ಅವರಿಗೆ ಪುಸ್ತಕ ಕೊಟ್ಟರೆ ತಲೆ ತಗ್ಗಿಸಿ ಕೂರುತ್ತಾರೆ. ಅದಕ್ಕೆ ಇಲ್ಲಿನವರು ಭಜನೆಯ ಹಾದಿ ಹಿಡಿದಿದ್ದಾರೆ: ಒಬ್ಬರು ಸಾಲು ಎತ್ತಿಕೊಡುವುದು, ಉಳಿದವರೆಲ್ಲ ಅದನ್ನೇ ತಿರುಗಿ ಹಾಡುವುದು. ಶ್ರಾವಣದಲ್ಲಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ತತ್ವಪದದ ಮೇಳಗಳಲ್ಲಿ, ಮೊಹರಮ್ಮಿನ ರಿವಾಯತಿನಲ್ಲಿ ಈ ಸೀಮೆಯ ಕಿವಿ ಇದಕ್ಕೆ ಪಳಗಿದೆ. ಹೊಸದಾಗಿ ಬಂದವನು ಮೊದಲ ಸಾಲಿಗೆ ಸುಮ್ಮನಿದ್ದರೂ ಮೂರನೆಯದಕ್ಕೆ ತುಟಿ ಅಲ್ಲಾಡಿಸುತ್ತಾನೆ.

ಈ ಸಲ ಹಂತಿಪದದ ಮಟ್ಟಿನಲ್ಲಿ ಒಂದು ಹಾಡು ಕಟ್ಟಿದ್ದಾರೆ. ಮೇಟಿಗೆ ಕಟ್ಟಿದ ಎತ್ತುಗಳು ಕಣದಲ್ಲಿ ಸುತ್ತುವಾಗ ರಾತ್ರಿಯಿಡೀ ಹಾಡುತ್ತಿದ್ದ ಪದಗಳವು. ಈಗ ರಾಶಿ ಮಾಡಲು ಮಷೀನು ಬರುತ್ತದೆ, ತಾಸೆರಡು ತಾಸಿನಲ್ಲಿ ಕೆಲಸ ಮುಗಿದು ಕಣವೇ ಇಲ್ಲವಾಗಿದೆ. ಪದ ಗೊತ್ತಿದ್ದ ಕಾಕಾ ಒಬ್ಬರು ಮಟ್ಟು ಹಾಕಿ ತೋರಿಸಿದರು; ಕೊನೆಗೆ ಎಳೆದು ಬಿಡುವ ಆ ಉದ್ದನೆಯ ಕೂಗಿಗೆ ಹುಡುಗನ ಪೇಟಿಯಲ್ಲಿ ಮನೆಯೇ ಸಿಗಲಿಲ್ಲ, ಕೈ ತೆಗೆದು ಸುಮ್ಮನೆ ಕೇಳಿದ. ಕ್ರಿಸ್ತನ ಕಥೆಯನ್ನು ಈ ನಾಡಿನ ಲಯಕ್ಕೆ ಕೂಡಿಸುವ ಆಸೆ ಹೊಸದಲ್ಲ. ನಿಘಂಟಿನಿಂದ ನಮಗೆಲ್ಲ ಬೇಕಾದವರಾದ ಕಿಟೆಲ್ ಅವರು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ತಂದಿದ್ದರು. ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಹಾಕಿ 1924ರಲ್ಲಿ ಅಚ್ಚುಹಾಕಿಸಿದ ಉತ್ತಂಗಿ ಚನ್ನಪ್ಪನವರೂ ಬಾಸೆಲ್ ಮಿಶನ್ನಿನ ಪಾದ್ರಿಗಳೇ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ದೇವಾಲಯದ ಹೊಸ್ತಿಲಿನ ಆಚೆಗಿನ ಮಾತು ಒಳಗಿನದಕ್ಕೆ ಪರಕೀಯವೆಂದು ಅವರು ಎಂದೂ ಎಣಿಸಲಿಲ್ಲ.

ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಸಣ್ಣ ಬೆಂಕಿ ಕಂಡಿತು. ಯಾರೋ ಜೋಳದ ರವದಿಗೆ ಕಡ್ಡಿ ಗೀರಿ ಹಲಗಿ ಕಾಸುತ್ತಿದ್ದರು. ಚರ್ಮ ಬಿಗಿಯುತ್ತ ಬಂದಂತೆ ಬೆರಳಿನಿಂದ ತಟ್ಟಿ ನೋಡುವುದು, ಮತ್ತೆ ಉರಿಗೆ ಒಡ್ಡುವುದು. ಸುಟ್ಟ ರವದಿಯ ಹೊಗೆಯೊಂದಿಗೆ ಚರ್ಮದ ವಾಸನೆ. ಒಳಗಿನ ಮಾತೆಲ್ಲ ಅಲ್ಲಿಗೆ ನಿಂತಿತು.

ಹಲಗಿ ಒಳಗೆ ಬರಬೇಕೋ ಬೇಡವೋ ಎಂಬುದು ಇಲ್ಲಿ ಸಣ್ಣ ಮಾತಲ್ಲ. ಸಭೆಯ ಹೆಚ್ಚಿನ ಮನೆಗಳು ಒಂದು ಕಾಲಕ್ಕೆ ಊರಿನ ಜಾತ್ರೆಗೂ ಸಾವಿಗೂ ಹಲಗಿ ಬಾರಿಸಬೇಕಿದ್ದ ಮನೆಗಳು. ಬಾರಿಸಿದವರು ಗುಡಿಯ ಹೊರಗೆ ನಿಂತರು, ಸೆರಗೊಡ್ಡಿ ಕಾಳು ಪಡೆದರು. ಕ್ರಿಸ್ತನ ಹೆಸರು ಹಿಡಿದು ಬಂದಾಗ ಎಷ್ಟೋ ಜನ ಮೊದಲು ಮಾಡಿದ ಕೆಲಸವೆಂದರೆ ಹಲಗಿಯನ್ನು ಬಿಟ್ಟಿದ್ದು. “ನಮ್ಮಪ್ಪ ಇದನ್ನ ಕೊರಳಾಗ ಹಾಕ್ಕೊಂಡು ಅಗಸಿ ಹೊರಗ ನಿಂದರತಿದ್ದ. ನಾ ಅದನ್ನ ಬಿಟ್ಟು ಇಲ್ಲಿಗೆ ಬಂದೀನಿ” ಎಂದರು ಮುತ್ಯಾ ಒಬ್ಬರು. ಹಲಗಿ ಕಾಸುತ್ತಿದ್ದವನು ಅವರ ಮೊಮ್ಮಗನೇ. “ಮುತ್ಯಾ, ಹೊರಗ ನಿಂತು ಬಾರಿಸಿದ್ದು ಸಾಕು, ಒಳಗ ಕುಂತು ಬಾರಿಸೂಣು” ಎಂದ ಆತ.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಮದುರೆಯಲ್ಲಿ ತಮಿಳುನಾಡು ಥಿಯಾಲಾಜಿಕಲ್ ಸೆಮಿನರಿಯಲ್ಲಿ ಕಲಿಸುತ್ತಿದ್ದ, 2005ರಲ್ಲಿ ತೀರಿಕೊಂಡ ಥಿಯೋಫಿಲಸ್ ಅಪ್ಪಾವು ಅವರು ಹಳ್ಳಿಯ ದಲಿತರ ಮಟ್ಟುಗಳಲ್ಲೇ ಆರಾಧನೆಯ ಕ್ರಮವನ್ನು ಕಟ್ಟಿ, ಅವಮಾನದ ಗುರುತಾಗಿದ್ದ ವಾದ್ಯಕ್ಕೆ ಮರ್ಯಾದೆಯ ಜಾಗ ಕೊಡಬೇಕೆಂದು ದುಡಿದರು. ಒಪ್ಪತಕ್ಕ ಮಾತು. ಆದರೂ ಹಲಗಿಯನ್ನು ಒಳಗೆ ತಂದು ಇಟ್ಟುಬಿಟ್ಟರೆ ಮುಗಿಯುವುದಿಲ್ಲ, ಆ ಸದ್ದಿಗೆ ಹಳೆಯ ನೋವು ಏಳುವವರನ್ನೂ ಕೇಳಬೇಕು. ಅಯ್ಯನೋರು ತೀರ್ಪು ಕೊಡದೆ ಸುಮ್ಮನಿದ್ದರು. ಮೊಮ್ಮಗ ಹೊರಗಿನಿಂದಲೇ ಒಂದು ಮಜಲು ಬಾರಿಸಿ ನೋಡಿದ. ಮುತ್ಯಾ ತಟ್ಟನೆ ಎದ್ದು ಬಾಗಿಲಿಗೆ ಬಂದರು: “ಲೇ, ಅದು ಹೆಣದ ಮುಂದಿನ ಮಜಲೋ! ಸುಗ್ಗಿ ಆರಾಧನೆಕ್ಕ ಅದನ್ನ ಬಾರಸ್ತಾರ? ಮದುವಿ ಮೆರವಣಗಿದು ಬಾರಸು.” ಕೋಲು ಕಸಿದುಕೊಂಡು ಬಾರಿಸಿ ತೋರಿಸಿದರು, ಮತ್ತೆ ಅವನ ಕೈಗೇ ಕೊಟ್ಟು ಬಂದು ಕೂತರು. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಹಿಂದಿನ ಮನೆಯಲ್ಲಿ ಅಷ್ಟೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ. ಹಿಟ್ಟಿಗೆ ಎಸರು ಹೊಯ್ದು ನಾದಿ, ಅಂಗೈಯಲ್ಲಿ ಉಂಡೆ ತಿರುಗಿಸಿ, ಒಣಹಿಟ್ಟಿನ ಮೇಲಿಟ್ಟು ಬಡಿಯುತ್ತ ಬಡಿಯುತ್ತ ಅಂಚನ್ನು ಹರಡುವ ಆ ಕೈಗಳನ್ನು ನೋಡಲು ಎರಡು ಕಣ್ಣು ಸಾಲವು. ಹಂಚಿನ ಮೇಲೆ ಬಿದ್ದ ರೊಟ್ಟಿಗೆ ಒದ್ದೆಬಟ್ಟೆಯಿಂದ ನೀರು ಸವರಿದಾಗ ಚುಂಯ್ ಎಂದು ಏಳುವ ಹಬೆಯಲ್ಲಿ ಬಿಳಿಜೋಳದ ಸಿಹಿವಾಸನೆ. ಓಣಿಯ ಪ್ರತಿ ಮನೆಯಿಂದಲೂ ರೊಟ್ಟಿ ಬರಬೇಕು, ಪಲ್ಲೆ ಮತ್ತು ಗೋಧಿ ಹುಗ್ಗಿ ಮಾತ್ರ ಒಂದೇ ಒಲೆಯ ಮೇಲೆ. ಊರಿನ ಲಿಂಗಾಯತ, ಮುಸಲ್ಮಾನ, ಕುರುಬ ಮನೆಗಳಿಗೂ ತಾಂಡಾಕ್ಕೂ ಹೇಳಿಕೆ ಹೋಗಿದೆ, ಅದಕ್ಕೇ ಬದನೆಕಾಯಿ ಎಣ್ಣಿಗಾಯಿ, ಪುಂಡಿಪಲ್ಲೆ, ಸೇಂಗಾ ಹಿಂಡಿಯ ಊಟ. ಬಂದವರೆಲ್ಲ ಎಲೆಯ ಮುಂದೆ ಕೂರುತ್ತಾರೆಂಬ ಖಾತ್ರಿ ಯಾರಿಗೂ ಇಲ್ಲ. ಆದರೂ ಲೆಕ್ಕ ಹಿಡಿದು ಗೋಧಿ ಹಾಕುವಾಗ ಅಯ್ಯನೋರ ಮನೆಯ ಅಮ್ಮಾರು ಅವರನ್ನೆಲ್ಲ ಸೇರಿಸಿಯೇ ಹಿಡಿಯುತ್ತಾರೆ.

ಬಸವನ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ದಾಸೋಹವೆಂದರೆ ಏನೆಂದು ಇಲ್ಲಿನ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ದಾಸೋಹದ ಊರಲ್ಲಿಯೂ ಪಂಗ್ತಿಯಲ್ಲಿ ಯಾರ ಪಕ್ಕ ಯಾರು ಎಂಬ ಪ್ರಶ್ನೆ ಸತ್ತಿಲ್ಲವೆಂಬುದೂ ಎಲ್ಲರಿಗೂ ಗೊತ್ತು. ಆದಿಸಭೆಯಲ್ಲಿಯೂ ಅದು ಇತ್ತು: ಕೊರಿಂಥದಲ್ಲಿ ಉಳ್ಳವರು ಮುಂಚೆಯೇ ಉಂಡು, ಇಲ್ಲದವರು ಹಸಿದಿರುತ್ತಿದ್ದರೆಂದು ಪೌಲನು ಆ ಸಭೆಯನ್ನು ಕಟುವಾಗಿ ಗದರಿದ್ದಾನೆ, ಮೊದಲ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ. ಕರ್ತನ ಭೋಜನದ ಬಗ್ಗೆ ನಾವು ಪ್ರತಿಸಲ ಓದುವ ಮಾತುಗಳು ಆ ಗದರಿಕೆಯ ಮಗ್ಗುಲಲ್ಲೇ ಇವೆ. ಇಲ್ಲಿ ಅಮ್ಮಾರದು ಒಂದೇ ಕಟ್ಟಳೆ: ಬೀಗರು ಬೀಗರ ಪಕ್ಕ ಕೂರುವಂತಿಲ್ಲ, ಮನೆಯವರು ಕೊನೆಯ ಪಂಗ್ತಿಗೆ.

ಮರುದಿನ ಆರಾಧನೆ ಹತ್ತೂವರೆಗೆ. ಬಸ್ಸು ಬರುವುದೇ ಹತ್ತರ ಮೇಲೆ, ಅದಕ್ಕೆ ಹೊಂದಿಸಿದ ವೇಳೆ. ಗುಳೆ ಹೋದವರಲ್ಲಿ ಕೆಲವರು ರಾತ್ರಿಯ ಗಾಡಿಗೆ ಸೋಲಾಪುರದಿಂದ ಇಂಡಿ ರೋಡ್ ಸ್ಟೇಷನ್ನಿಗೆ ಬಂದು ಇಳಿದು, ಟಂಟಂ ಹಿಡಿದು, ಕೈಚೀಲದೊಂದಿಗೆ ನೇರ ಇಲ್ಲಿಗೇ ಬಂದರು. ಬಾಗಿಲಲ್ಲಿ ಕಾಲು ತೊಳೆಯಲು ನೀರು. ತೊಳೆದು ಬಂದವರ ಕೈಗೆ ಲಿಂಬಿ ಶರಬತ್ತಿನ ಲೋಟ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು ಇಂಡಿಯದು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ತೋಟದಲ್ಲಿ ಕೂಲಿಗೆ ಲಿಂಬಿ ಆರಿಸುವ ಹೆಂಗಸರೇ ಅದನ್ನು ಹಿಂಡಿ, ಸಕ್ಕರೆಯ ಜೊತೆ ಚಿಟಿಕೆ ಉಪ್ಪು ಬೆರೆಸಿದ್ದರು. ಮೊಣಕಾಲು ಮಡಿಸಲಾಗದ ಹಿರಿಯರಿಗೆ ಕುರ್ಚಿಗಳನ್ನು ಹಿಂದಕ್ಕೆ ತಳ್ಳದೆ ಜಮಖಾನದ ನಡುನಡುವೆಯೇ ಇಟ್ಟಿದ್ದರು. ಈ ಒಂದು ಯೋಚನೆ ನನಗೆ ಬಹಳ ಹಿಡಿಸಿತು. ಕಾಲಿನ ನೋವಿಗೆ ಮನುಷ್ಯ ಹಿಂದಿನ ಸಾಲು ಸೇರಬೇಕಾಗಿಲ್ಲ.

ನೆಲದ ಮೇಲೆ ಕೂರುವುದು, ಬರಿಗಾಲು, ಕೈಮುಗಿತ, ಎಣ್ಣೆದೀಪ, ಇವೆಲ್ಲ ಈ ಹಳ್ಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಕಥೋಲಿಕ ಸಭೆಯಲ್ಲಿ ಇದಕ್ಕೆ ದೊಡ್ಡ ಚರ್ಚೆಯೇ ಬೇಕಾಯಿತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಗೆ ಜನರ ಭಾಷೆಯ, ಜನರ ಸಂಗೀತದ ಬಾಗಿಲು ತೆರೆಯಿತು. 1969ರಲ್ಲಿ ಭಾರತಕ್ಕೆಂದು 12 ಅಂಶಗಳಿಗೆ ರೋಮಿನ ಒಪ್ಪಿಗೆ ಸಿಕ್ಕಿತು, ಆರತಿ, ದೀಪ, ಅಂಜಲಿ ಅದರಲ್ಲಿದ್ದವು. ಬೈಲಹೊಂಗಲ ಕಡೆಯ ದೇಶನೂರಿನಲ್ಲಂತೂ ಜೆಸ್ವಿಟ್ ಗುರುಗಳು ಕಾವಿ ಉಟ್ಟು ವಿರಕ್ತಮಠದ ರೀತಿಯಲ್ಲಿ ಬಾಳಿದರು, ಅಲ್ಲಿ ಯೇಸು ಪದ್ಮಾಸನದಲ್ಲಿ ಕೂತ ಗುರು.

ಆರಾಧನೆ ಶುರುವಾಯಿತು. ಮಾಸ್ತರರು ಕಣ್ಣು ಮುಚ್ಚಿ ಹಳೆಯ ಜರ್ಮನ್ ರಾಗದ ಕೆಳದನಿ ಹಿಡಿದರು. ಹಂತಿಪದದ ಮಟ್ಟು ಎದ್ದಾಗ ಬಾಗಿಲ ಹೊರಗೆ ಬೇವಿನ ಕೆಳಗೆ ನಿಂತ ಊರ ರೈತರು ಕೂಗಿಗೆ ಕೂಗು ಕೂಡಿಸಿದರು, ಅವರಿಗೆ ಮಟ್ಟು ಮೊದಲೇ ಗೊತ್ತು. ಪೇಟಿ, ತಾಳ, ಡೋಲಕಿನ ಸಾಲಿನಲ್ಲೇ ಕೂತು ಹಲಗಿಯ ಹುಡುಗ ಮದುವೆಯ ಮಜಲು ಬಾರಿಸಿದ. ಕಾಣಿಕೆಯ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ಪೀಠದ ಮುಂದೆ ಇಟ್ಟರು: ಜೋಳ, ಕಡಲೆ, ತೊಗರಿ, ಉಳ್ಳಾಗಡ್ಡಿ, ಲಿಂಬಿ, ಒಂದು ಗೊನೆ ದ್ರಾಕ್ಷಿ, ಹೊಲವಿಲ್ಲದವಳೊಬ್ಬಳು ಆರಿಸಿಟ್ಟ ಒಂದು ಬೊಗಸೆ ಹಕ್ಕಲು ತೆನೆ.

ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. “ಯಾ ತಾಈ, ಆತ್ ಯಾ” ಎಂದು ಆಯಿ ಅವಳ ಭಾಷೆಯಲ್ಲೇ ಕರೆದು ತನ್ನ ಸೆರಗಿನ ಪಕ್ಕ ಜಾಗ ಮಾಡಿದಳು. ಆ ಹೆಂಗಸಿಗೆ ಕನ್ನಡದ ಹಾಡಿನಲ್ಲಿ ಯೇಸುವಿನ ಹೆಸರೊಂದು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ತಾಳ ಕೈಗೆ ಕೊಟ್ಟ ಮೇಲೆ ಮಾತ್ರ ಲಯ ತಪ್ಪಲಿಲ್ಲ.

ಆಮೇಲೆ ಕಾಣಿಕೆಯ ಲಿಲಾವು. ಹತ್ತು ಲಿಂಬಿಗೆ ಪೇಟೆಯ ದರಕ್ಕಿಂತ ಹತ್ತುಪಟ್ಟು ಕೂಗಿ, ಕೊಂಡವರೇ ತಿರುಗಿ ಕಾಣಿಕೆ ಕೊಟ್ಟು, ಮತ್ತೆ ಕೂಗಿ, ಅಂಗಳವೆಲ್ಲ ನಗೆ. ಕರೆದವರಲ್ಲಿ ಕೆಲವರು ಪಂಗ್ತಿಗೆ ಕೂತರು, ಕೆಲವರು ಕೆಲಸದ ನೆವ ಹೇಳಿ ಹೋದರು. ಹೋಗುವವರ ಕೈಗೂ ಹುಗ್ಗಿಯ ಡಬ್ಬಿ ಕಟ್ಟಿಕೊಟ್ಟರು. ಮುತ್ಯಾನ ಒಂದು ಬದಿಗೆ ಗೌಡರ ಮನೆಯ ಕಾಲೇಜು ಹುಡುಗ, ಇನ್ನೊಂದು ಬದಿಗೆ ಗ್ಯಾಂಗಿನ ಹೆಂಗಸಿನ ಗಂಡ.

ಉಂಡು ಎದ್ದವರು ಬೇವಿನ ಕೆಳಗೆ ಎಲೆ ಅಡಕಿ ಹಾಕುತ್ತ ಮುಂದಿನ ವಾರದ ಮಾತು ತೆಗೆದರು. ಗ್ಯಾಂಗಿನ ಹೆಂಗಸು ಅಭಂಗ ಹಾಡುತ್ತಾಳೆಂದು ಆಯಿ ಪತ್ತೆ ಮಾಡಿದ್ದಳು. 1895ರಲ್ಲಿ ದೀಕ್ಷಾಸ್ನಾನ ಪಡೆದ ನಾರಾಯಣ ವಾಮನ ಟಿಳಕರು ಕ್ರಿಸ್ತನ ಮೇಲೆ ಕಟ್ಟಿದ ಅಭಂಗಗಳು ಮರಾಠಿ ಸಭೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಆಕೆಗೆ ಬರುವುದೂ ಅಂಥದೇ ಒಂದು.

“ಅಯ್ಯನೋರ, ಮುಂದಿನ ಐತವಾರ ಆಕಿ ಪದ ಇಡೂಣ್ರಿ.”

“ಮರಾಠಿ ಪದ ನಮ್ಮ ಮಂದಿ ಬಾಯಾಗ ಕುಂದ್ರಬೇಕಲ್ಲ ಆಯಿ. ಒಂದೆರಡು ತಿಂಗಳು ಬೇಕು.”

“ಎರಡ್ ತಿಂಗಳಿಗೆ ಕಬ್ಬು ಮುಗದು ಅವರು ಊರಿಗೆ ಹೊಕ್ಕಾರ. ಹ್ವಾದ ಮ್ಯಾಲೆ ಕಲತು ಯಾರಿಗೆ ಹಾಡೂದು?”

ಬುಧವಾರ ರಾತ್ರಿ ಎಂಟಕ್ಕೆ, ಕಬ್ಬಿನ ಗದ್ದೆಯ ಬದಿಯ ಗುಡಿಸಲುಗಳ ಹತ್ತಿರವೇ ತಾಲೀಮು ಎಂದು ಗೊತ್ತಾಯಿತು. ಪೇಟಿ ಹೊತ್ತೊಯ್ಯಲು ಯಾರ ಬೈಕು ಎಂಬ ವಾದ ಇನ್ನೂ ನಡೆದಿತ್ತು.