ನರ್ತಿಸುವವನ ಅಂಗಿ

ಗಂಡಸಿನ ಅಂಗಿಯೊಂದು ಭಾಷಣಕ್ಕೆ ವಸ್ತುವಾದುದನ್ನು ಕಂಡು ಕೆಲವರಿಗೆ ನಗೆ ಬಂದೀತು. ಆದರೆ ಪಾಶ್ಚಾತ್ಯರ ಜೋಡಿನೃತ್ಯದಲ್ಲಿ ಸ್ತ್ರೀಯ ಒಂದು ಕೈ ಪುರುಷನ ಹೆಗಲ ಮೇಲೋ ಬೆನ್ನ ಮೇಲೋ ಇರುವುದು ವಾಡಿಕೆ. ಅರ್ಧ ಗಂಟೆಯ ಕುಣಿತದ ಮೇಲೆ ಆ ಬೆನ್ನು ತೊಯ್ದು ಹಿಂಡುವಂತಿದ್ದರೆ ಆಕೆ ಬಾಯಿಬಿಟ್ಟು ಏನೂ ಹೇಳಳು. ಮುಂದಿನ ಹಾಡಿಗೆ ಬೇರೆ ಜೊತೆಯನ್ನು ಹುಡುಕಿಕೊಳ್ಳುವಳು. ಸಂಕೋಚವುಳ್ಳವನು ತಾನಾಗಿಯೇ ಮನೆಗೆ ಹೊರಡುವನು. ಸಾಲ್ಸಾ ಕಲಿಸುವ ಶಾಲೆಗಳು ಬೆಂಗಳೂರಿನಲ್ಲಿಯೂ ಇರುವುದರಿಂದ ಈ ಸಂಕಟ ನಮಗೆ ತೀರ ಪರಕೀಯವೂ ಅಲ್ಲ.

ಸ್ನಾಯುಗಳು ವ್ಯಯಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಚಲನೆಯಾಗುತ್ತದೆ, ಉಳಿದುದೆಲ್ಲ ಶಾಖ. ಆ ಶಾಖವನ್ನು ಹೊರಹಾಕಲು ದೇಹವು ಬೆವರುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿಗಳಷ್ಟು ಶಾಖವನ್ನು ಒಯ್ಯುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಉಪಕಾರವಿಲ್ಲ. ಆದುದರಿಂದ ‘ಉಸಿರಾಡುವ ಬಟ್ಟೆ’ ಎಂದು ಅಂಗಡಿಯವರು ಹೇಳುವಾಗ ನಾವು ಕೇಳಬೇಕಾದುದು, ಅದರೊಳಗಿಂದ ಆವಿ ಹೊರಟುಹೋಗುವುದೇ ಎಂದು.

ಇಂಗ್ಲೆಂಡಿನವರು ಈ ಪ್ರಶ್ನೆಯನ್ನು ಬಹಳ ತಡವಾಗಿ ಕೇಳಿದರು. ಗಂಜಿ ಹಾಕಿ ಹಲಗೆಯಂತೆ ಮಾಡಿದ ಎದೆಯ ಅಂಗಿ, ಅದರ ಮೇಲೆ ಉಣ್ಣೆಯ ಕೋಟು, ಕುತ್ತಿಗೆಗೆ ಗಟ್ಟಿ ಕಾಲರು: ಇವನ್ನು ಧರಿಸಿ ವಾಲ್ಟ್ಸ್ ಕುಣಿದವರ ತಾಳ್ಮೆಯನ್ನು ಮೆಚ್ಚಲೇಬೇಕು! 1888ರಲ್ಲಿ ಲೂಯಿಸ್ ಹ್ಯಾಸ್ಲಮ್ ಎಂಬಾತನು ಸಣ್ಣ ಸಣ್ಣ ರಂಧ್ರಗಳುಳ್ಳ ಹತ್ತಿಯ ನೇಯ್ಗೆಯನ್ನು ಮಾರಾಟಕ್ಕೆ ತಂದನು; ಅದು ‘ಏರ್‌ಟೆಕ್ಸ್’ ಎಂದು ಹೆಸರಾಯಿತು. 1929ರಲ್ಲಿ ಲಂಡನ್ನಿನಲ್ಲಿ ಪುರುಷರ ಉಡುಪಿನ ಸುಧಾರಣೆಗೆಂದೇ ಒಂದು ಸಂಘವು ಹುಟ್ಟಿ, ಗಟ್ಟಿ ಕಾಲರಿನ ಮೇಲೆ ಯುದ್ಧ ಸಾರಿತು. ಜನರು ನಕ್ಕರು.

ರಂಧ್ರಗಳಿದ್ದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಹತ್ತಿಯ ನಾರು ನೀರನ್ನು ತನ್ನೊಳಕ್ಕೇ ಕುಡಿದು ಉಬ್ಬುತ್ತದೆ. ಕಚೇರಿಯಲ್ಲಿ ಕುಳಿತವನಿಗೆ ಇದು ಹಿತ. ಕುಣಿಯುವವನಿಗೆ ಅಂಗಿಯು ಭಾರವಾಗಿ ಮೈಗೆ ಅಂಟಿ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಪಾಲಿಯೆಸ್ಟರ್ ನಾರು ನೀರನ್ನು ಕುಡಿಯುವುದೇ ಇಲ್ಲವೆನ್ನಬಹುದು. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿಯು 8 ಗ್ರಾಂನಷ್ಟು ತೇವವನ್ನು ಹಿಡಿದರೆ, ಇದು ಅರ್ಧ ಗ್ರಾಂನ್ನೂ ಹಿಡಿಯದು. ಆದರೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಈ ನಾರುಗಳ ನಡುವಣ ಸಂದುಗಳಲ್ಲಿ ಬೆವರು ಹರಿದು ಹರಡುತ್ತದೆ. ಸಂದು ಕಿರಿದಾದಷ್ಟೂ ಸೆಳೆತ ಹೆಚ್ಚು. ಇದನ್ನರಿತವರು ಎರಡು ಪದರದ ಹೆಣಿಗೆಯನ್ನು ಯೋಜಿಸಿದರು: ಮೈಯ ಕಡೆಗೆ ಒರಟಾದ, ಅಲ್ಲಲ್ಲಿ ಮಾತ್ರ ಚರ್ಮವನ್ನು ಮುಟ್ಟುವ ಪದರ, ಹೊರಗಡೆ ನಯವಾದ, ಒತ್ತಾದ ಪದರ. ಬೆವರು ಒಳಗಿನಿಂದ ಹೊರಕ್ಕೆ ಸೆಳೆಯಲ್ಪಟ್ಟು, ಅಗಲವಾಗಿ ಹರಡಿ, ಬೇಗ ಆರುತ್ತದೆ.

ಇಲ್ಲಿ ಒಂದು ತೊಡಕುಂಟು. ಪಾಲಿಯೆಸ್ಟರ್ ಬಟ್ಟೆಯು ಬೆವರಿನ ವಾಸನೆಯನ್ನು ಹತ್ತಿಗಿಂತ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಬೇಗ ಆರಿದರೂ ನಾರುವ ಅಂಗಿಯನ್ನು ಜೊತೆಗಾತಿಯು ಮೆಚ್ಚುವಳೆಂದು ನಾವು ನಂಬುವುದಿಲ್ಲ. ಇನ್ನು ಕಪ್ಪು ಬಣ್ಣದಿಂದಲೂ ಹೂವಿನ ಚಿತ್ತಾರದಿಂದಲೂ ಒದ್ದೆಯನ್ನು ಮರೆಮಾಡುವ ಉಪಾಯವು ನೋಡುವವರ ಕಣ್ಣಿಗೆ ಸಾಕು, ಮುಟ್ಟುವವಳ ಕೈಗೆ ಸಾಲದು.

ಹೊಲಿಗೆಯನ್ನೂ ಮರೆಯಲಾಗದು. ಸಡಿಲವಾದ ಅಂಗಿಯು ಪ್ರತಿ ಹೆಜ್ಜೆಗೂ ತಿದಿಯಂತೆ ಗಾಳಿಯನ್ನು ಹೊರಕ್ಕೂ ಒಳಕ್ಕೂ ಆಡಿಸುತ್ತದೆ. ಬಿಗಿಯಾದುದಕ್ಕೆ ಈ ಗುಣವಿಲ್ಲ. ನಮ್ಮ ಹಳೆಯ ಜುಬ್ಬಗಳಲ್ಲಿ ಕಂಕುಳಿಗೆ ಹಚ್ಚುತ್ತಿದ್ದ ಚೌಕದ ತುಂಡು ಇಲ್ಲಿ ಬಹಳ ಉಪಯುಕ್ತ. ಕೈಯೆತ್ತಿ ಜೊತೆಗಾತಿಯನ್ನು ಸುತ್ತಿಸುವಾಗ ಅಂಗಿಯು ಸೊಂಟದಿಂದ ಮೇಲಕ್ಕೆ ಎಳೆಯದು.

ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಬಟ್ಟೆಯ ಪಟ್ಟಿಯೊಂದರ ತುದಿಯನ್ನು ಮಸಿ ಬೆರೆಸಿದ ನೀರಿನಲ್ಲಿ ಅದ್ದಿ, ಹತ್ತು ನಿಮಿಷಗಳಲ್ಲಿ ಬಣ್ಣ ಎಷ್ಟು ಮೇಲೇರಿತೆಂದು ನೋಡುವುದು. ಕುಣಿಯುವುದಕ್ಕೆ ಮೊದಲೂ ಅನಂತರವೂ ಅಂಗಿಯನ್ನು ತೂಗುವುದು. ಹೆಚ್ಚಾದ ತೂಕವೇ ಆರದೆ ಉಳಿದ ಬೆವರು. ಬಟ್ಟೆಯನ್ನು ಹತ್ತು ಸಾರಿ ಒಗೆದು ಮತ್ತೆ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಬರಿಯ ಲೇಪದಿಂದ ಬಂದ ಗುಣ ಒಗೆತದಲ್ಲಿ ಹೋಗುವುದುಂಟು.

ಜನ ಕಿಕ್ಕಿರಿದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಾಳಿಯೇ ತೇವದಿಂದ ತುಂಬಿದ ಮೇಲೆ ಯಾವ ಬಟ್ಟೆಯೂ ಆರದು. ಅಲ್ಲಿ ಬೀಸಣಿಗೆಯೇ ಗತಿ. ಅನುಭವಿಗಳಾದ ನರ್ತಕರು ಇಂದಿಗೂ ಚೀಲದಲ್ಲಿ ಒಂದು ಟವಲನ್ನೂ ಎರಡು ಮೂರು ಒಣ ಅಂಗಿಗಳನ್ನೂ ಇಟ್ಟುಕೊಂಡು ಹೋಗಿ, ನಡುನಡುವೆ ಬದಲಾಯಿಸಿಕೊಂಡು ಬರುತ್ತಾರೆ.