ಹಳೆಯ ಕಡತಗಳ ನಡುವೆ ಕಲಿಕೆ: ಚಿತ್ರದುರ್ಗ ಜಿಲ್ಲೆಯ ಜೈನ ದಾಖಲೆಗಳು ಮತ್ತು ಯುವಜನರ ತರಬೇತಿ

ಜ್ಯೇಷ್ಠ ಶುಕ್ಲ ಪಂಚಮಿಯನ್ನು ದಿಗಂಬರ ಸಂಪ್ರದಾಯದವರು ಶ್ರುತ ಪಂಚಮಿಯೆಂದು ಆಚರಿಸುತ್ತಾರೆ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪೂರ್ಣಗೊಳಿಸಿದ ನೆನಪಿನ ದಿನವಿದು. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುವ ರೂಢಿಯಿದೆ. ಶ್ವೇತಾಂಬರ ಕುಟುಂಬಗಳಲ್ಲಿ ಕಾರ್ತಿಕ ಶುಕ್ಲ ಪಂಚಮಿಯ ಜ್ಞಾನ ಪಂಚಮಿಗೆ ಇದೇ ಸ್ಥಾನ. ಇಂದು ಪತ್ರಾಗಾರಗಳಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಕೆಲಸದ ಮೊದಲ ಭಾಗವೂ ಇದೇ: ಇರುವುದನ್ನು ಹೊರತೆಗೆಯುವುದು, ಎಣಿಸುವುದು, ಸ್ಥಿತಿ ನೋಡುವುದು, ಮತ್ತೆ ಸುರಕ್ಷಿತವಾಗಿ ಇಡುವುದು.

ಚಿತ್ರದುರ್ಗ ಜಿಲ್ಲೆಯಲ್ಲಿ ಜೈನ ಚರಿತ್ರೆಯ ಕುರುಹುಗಳು ಚದುರಿಹೋಗಿವೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಕಲ್ಲಿನ ಕಟ್ಟಡ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಾಗದ ಬೀಳುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಯಂಥ ಊರುಗಳ ಮನೆಗಳಲ್ಲಿ ಉಳಿದಿರಬಹುದಾದ ದಾನಪತ್ರ, ಬಸದಿಯ ಲೆಕ್ಕ, ಪಂಚಕಲ್ಯಾಣದ ಆಮಂತ್ರಣ, ಅಂಗಡಿಯ ಬಹಿಖಾತೆಗಳಿಗೆ ಪಟ್ಟಿಯೇ ಇರುವುದಿಲ್ಲ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಹಳೆಯದು ಅಟ್ಟ ಸೇರುತ್ತದೆ. ಮನೆ ಕೆಡವಿ ಕಟ್ಟುವಾಗ ಅಟ್ಟದಲ್ಲಿದ್ದದ್ದು ರದ್ದಿಗೆ ಹೋಗುತ್ತದೆ. ಹಳೆಯ ಬಹಿಗಳಲ್ಲಿ ಹಲವು ಮಹಾಜನಿ ಲಿಪಿಯಲ್ಲಿರುತ್ತವೆ. ಅದನ್ನು ಓದಬಲ್ಲ ಹಿರಿಯರು ಇಂದು ಬಹಳ ಕಡಿಮೆ. ಹಿರಿಯೂರು ಬಳಿಯ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಆ ಕಾಲದ ಒಂದು ವ್ಯಾಪಾರದ ಖಾತೆ ಉಳಿದಿದ್ದರೆ ಊರಿನ ಬೆಳೆ, ಬೆಲೆ, ಸಾಲದ ಕಥೆಯೆಲ್ಲ ಅದರಲ್ಲೇ ಸಿಗುತ್ತದೆ.

ತರಬೇತಿಯಲ್ಲಿ ಕಲಿಯುವುದೇನು?

ಮೊದಲನೆಯದು, ಕಟ್ಟನ್ನು ಬಿಡಿಸಿ ಬೇರೆ ಬೇರೆ ಮಾಡಬಾರದು. ಯಾರ ಮನೆಯಿಂದ, ಯಾವ ಕ್ರಮದಲ್ಲಿ ಬಂದಿತೋ ಹಾಗೆಯೇ ಇಡಬೇಕು. ಒಂದು ಬಸದಿಯ ಲೆಕ್ಕದ ನಡುವೆ ಸಿಕ್ಕ ಚೀಟಿಯ ಅರ್ಥ ಆ ಲೆಕ್ಕದ ಜೊತೆಯಲ್ಲಿದ್ದಾಗ ಮಾತ್ರ ತಿಳಿಯುತ್ತದೆ.

ಎರಡನೆಯದು, ನೋಂದಣಿ. ಪ್ರತಿಯೊಂದಕ್ಕೂ ಸಂಖ್ಯೆ, ಬಂದ ದಿನ, ಕೊಟ್ಟವರು, ಭಾಷೆ, ಲಿಪಿ, ಹಾಳೆಗಳ ಎಣಿಕೆ, ಹುಳು ತಿಂದ ಅಥವಾ ನೀರು ತಾಗಿದ ಗುರುತು ಬರೆಯಬೇಕು. ಬರೆಯುವುದು ಪೆನ್ಸಿಲಿನಿಂದ ಮಾತ್ರ. ಸೆಲ್ಲೋಟೇಪ್, ಅಂಟು, ಕಬ್ಬಿಣದ ಪಿನ್ನು ಬೇಡ. ತಾಳೆಗರಿಗೆ ತಾವಾಗಿ ಎಣ್ಣೆ ಹಚ್ಚಬಾರದು, ಅದು ಪರಿಣತರ ಕೆಲಸ.

ಮೂರನೆಯದು, ಕಾಲಗಣನೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ಶಕ 1076, ಭಾವ ಸಂವತ್ಸರ ಎಂದಿದ್ದರೆ ಅದು 1154–55. ಆದರೆ ಕೆಲವು ಶಾಸನಗಳು ಕಳೆದ ವರ್ಷವನ್ನು ಲೆಕ್ಕ ಹಾಕಿದರೆ ಕೆಲವು ನಡೆಯುತ್ತಿರುವ ವರ್ಷವನ್ನು ಹೇಳುತ್ತವೆ. ಹೀಗಾಗಿ ಒಂದು ವರ್ಷದ ವ್ಯತ್ಯಾಸ ಬಂದೀತು. ಸಂವತ್ಸರದ ಹೆಸರನ್ನು ತಾಳೆ ನೋಡುವುದು ಅದಕ್ಕಾಗಿಯೇ. ವಿಕ್ರಮ ಸಂವತ್ತಿನಿಂದ 57 ಅಥವಾ 56, ವೀರ ನಿರ್ವಾಣ ಸಂವತ್ತಿನಿಂದ 527 ಅಥವಾ 526 ಕಳೆಯಬೇಕು. ಎರಡು ಸಂಖ್ಯೆಗಳಲ್ಲಿ ಯಾವುದು ಎಂಬುದು ತಿಂಗಳ ಮೇಲೆ ನಿಲ್ಲುತ್ತದೆ.

ನಾಲ್ಕನೆಯದು, ಹುಡುಕುವ ದಾರಿ. ಬಿ.ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಲಾಗಿದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಇಂದಿನ ದಾವಣಗೆರೆ, ಜಗಳೂರು ತಾಲ್ಲೂಕುಗಳ ಶಾಸನಗಳನ್ನೂ ಇದೇ ಸಂಪುಟದಲ್ಲಿ ನೋಡಬೇಕು. ಊರಿನ ಇಂದಿನ ಜಿಲ್ಲೆಯನ್ನಷ್ಟೇ ನೆಚ್ಚಿ ಹುಡುಕಿದವರಿಗೆ ದಾಖಲೆ ಇದ್ದೂ ಸಿಗುವುದಿಲ್ಲ.

ಪಟ್ಟಿ ಮಾಡುವ ಕೆಲಸ ಬೇಸರದ್ದೆಂದು ಕಾಣಬಹುದು. ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯ ಸಂಗ್ರಹದಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಓದುವವರಿಲ್ಲದಿದ್ದರೆ ಅದು ಗ್ರಂಥಾಲಯದಲ್ಲಿದ್ದೂ ಇಲ್ಲದಂತೆಯೇ ಇರುತ್ತಿತ್ತು.

ಎಲ್ಲಿ ವಿಚಾರಿಸಬೇಕು?

ಚಿತ್ರದುರ್ಗದ ರಂಗಯ್ಯನ ಬಾಗಿಲಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಜೈನ ಹಸ್ತಪ್ರತಿಗಳಿಗಾಗಿ ಶ್ರವಣಬೆಳಗೊಳದ ಪ್ರಾಕೃತ ಸಂಶೋಧನಾ ಸಂಸ್ಥೆ ಮತ್ತು ಮೂಡುಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನ ನೆನಪಿಡಬೇಕಾದ ಹೆಸರುಗಳು. ಕಾಲೇಜಿನ ಇತಿಹಾಸ ಅಥವಾ ಕನ್ನಡ ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ, ಎಷ್ಟು ವಾರ ಬರಬಲ್ಲರು, ಯಾವ ಲಿಪಿ ಓದಬಲ್ಲರು ಎಂದು ಬರೆದು ಮೊದಲೇ ಕೇಳುವುದು ಒಳ್ಳೆಯದು. ಹಳಗನ್ನಡದ ಜೊತೆ ಮಾರವಾಡಿ ಅಥವಾ ಗುಜರಾತಿ ಬಲ್ಲ ಮಕ್ಕಳಿಗೆ ಈ ಕೆಲಸದಲ್ಲಿ ವಿಶೇಷ ಬೆಲೆಯಿದೆ.

ದಾಖಲೆ ಕೊಡಲು ಹಿಂಜರಿಯುವ ಕುಟುಂಬಗಳೂ ಇವೆ. ಆಸ್ತಿ, ಸಾಲ, ಪಾಲಿನ ವಿಷಯಗಳಿರುವ ಕಾಗದಗಳನ್ನು ಹೊರಗೆ ತೋರಿಸಲು ಅಳುಕುವುದು ಸಹಜ. ಅಂಥವರು ಮೂಲವನ್ನು ಮನೆಯಲ್ಲೇ ಇಟ್ಟುಕೊಂಡು ಪ್ರತಿ ಮಾತ್ರ ಕೊಡಬಹುದು, ಯಾವ ಹಾಳೆಗಳನ್ನು ತೋರಿಸಬಾರದೆಂದು ಬರಹದಲ್ಲಿ ತಿಳಿಸಬಹುದು. ತರಬೇತಿಗೆ ಬಂದ ವಿದ್ಯಾರ್ಥಿಯೂ ಅಲ್ಲಿ ಓದಿದ್ದನ್ನು ಊರಿನಲ್ಲಿ ಹೇಳಬಾರದು, ಅನುಮತಿಯಿಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆಯಬಾರದು.

10ನೇ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂದೇ ಪ್ರತಿ ಇದ್ದರೆ ಅಳಿಯುತ್ತದೆ ಎಂಬ ತಿಳಿವು ಅದರ ಹಿಂದಿತ್ತು. ಇಂದು ಒಂದು ಬಸದಿಯ ಲೆಕ್ಕವನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಡುವುದೂ ಶಾಸ್ತ್ರದಾನಕ್ಕೆ ಹತ್ತಿರದ ಕೆಲಸವೇ. ಮುಂದಿನ ಶ್ರುತ ಪಂಚಮಿಗೆ ಗ್ರಂಥಗಳ ಜೊತೆ ಮನೆಯ ಹಳೆಯ ಪೆಟ್ಟಿಗೆಯನ್ನೂ ತೆರೆದು, ಅದರಲ್ಲಿರುವುದರ ಒಂದು ಪುಟದ ಪಟ್ಟಿ ಬರೆದಿಟ್ಟರೆ ಪತ್ರಾಗಾರದ ಅರ್ಧ ಕೆಲಸ ಮನೆಯಲ್ಲೇ ಮುಗಿದಂತೆ.